ಕಹಳೆ ಊದುವವನ ಕೂಲಿ

(ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಧರ್ಮಕೇಂದ್ರದ ಉಪದೇಶಿಯೊಬ್ಬರು ಮಾಡಿದ ಭಾಷಣ)





ಕೂಟದ ಸಮಿತಿಯವರು ನಮಗೆ ಕೊಟ್ಟಿರುವ ವಿಷಯ ‘ಕೂಲಿ’. ಕೂಲಿ ಎಂದ ಕೂಡಲೆ ನೀವು ಚೆಕ್‌ರೋಲು, ಹಾಜರಿ, ಬೋನಸ್ಸು, ಗ್ರಾಚ್ಯುಯಿಟಿ ಎಂದು ಕಾದು ಕುಳಿತಿದ್ದೀರಿ. ಅವುಗಳನ್ನು ಸಂಘದ ಸಭೆಯಲ್ಲಿ ಪ್ರತಿ ತಿಂಗಳೂ ಮಾತಾಡುತ್ತಲೇ ಇದ್ದೇವೆ. ಈ ದಿನ ನಮಗೆ ಬರಬೇಕಾದ ಕೂಲಿಯನ್ನು ಬದಿಗಿಟ್ಟು, ನಾವು ಕೊಡಬೇಕಾದ ಕೂಲಿಯ ಬಗ್ಗೆ ಮಾತಾಡೋಣ. ‘ನಾವು ಯಾರಿಗೆ ಕೂಲಿ ಕೊಡುತ್ತೇವೆ, ಸ್ವಾಮಿ? ನಾವೇ ಕೂಲಿಯವರು’ ಎಂದು ನೀವು ಕೇಳಬಹುದು. ಕೊಡುತ್ತೇವೆ. ನಮ್ಮ ಮದುವೆಗೆ, ಹಬ್ಬದ ಮೆರವಣಿಗೆಗೆ, ಸತ್ತವರನ್ನು ಸಮಾಧಿಗೆ ಒಯ್ಯುವಾಗ ಬ್ಯಾಂಡ್‌ಸೆಟ್ಟಿನವರನ್ನು ಕರೆಸುತ್ತೇವಲ್ಲ, ಆ ಒಂದು ದಿನದ ಮಟ್ಟಿಗೆ ನಾವೇ ದೊರೆಗಳು, ಅವರು ಆಳುಗಳು. ಆ ಒಂದು ದಿನ ನಾವು ಎಂಥ ದೊರೆಗಳಾಗಿದ್ದೇವೆ ಎಂಬುದೇ ಈ ದಿನದ ಪ್ರಶ್ನೆ.

ಈ ಪ್ರಶ್ನೆ ನಮಗೆ ಹುಟ್ಟಿದ್ದು ನಮ್ಮ ತೋಟದಲ್ಲಲ್ಲ, ದೂರದ ಆದೋನಿಯಲ್ಲಿ.

ಕಾಫಿ ಕೊಯ್ಲಿಗೆಂದು ಬಂದು ನಮ್ಮ ಲೈನಿನಲ್ಲೇ ಉಳಿದುಬಿಟ್ಟ ಆದೋನಿ ಕಡೆಯ ಮನೆಯವರೊಬ್ಬರು ಮಗಳ ಮದುವೆಯನ್ನು ತಮ್ಮ ಹುಟ್ಟೂರಿನಲ್ಲಿ ಇಟ್ಟುಕೊಂಡರು. ಬಳಗದ ಪರವಾಗಿ ನಾವು ನಾಲ್ಕು ಜನ ಹೋದೆವು. ಗುಂತಕಲ್ಲಿನಲ್ಲಿ ರೈಲು ಬದಲಿಸಿ ಆದೋನಿಯಲ್ಲಿ ಇಳಿದೆವು. ಮದ್ರಾಸಿನ ಕಡೆಯಿಂದಲೂ ಮುಂಬಯಿಯ ಕಡೆಯಿಂದಲೂ ಹಾಕುತ್ತಾ ಬಂದ ರೈಲುಹಾದಿ 1871ರಲ್ಲಿ ರಾಯಚೂರಿನಲ್ಲಿ ಒಂದಕ್ಕೊಂದು ಕೂಡಿತು. ಆದೋನಿ ಇರುವುದು ಆ ಹಾದಿಯ ಮೇಲೆಯೇ. ಹತ್ತಿಯ ಊರು. ಹತ್ತಿ ಬಿಡಿಸುವ ಜಿನ್ನು, ಎಣ್ಣೆಯ ಗಿರಣಿ, ದೊಡ್ಡ ಮಾರ್ಕೆಟ್ ಯಾರ್ಡು, ಬೆನ್ನ ಮೇಲೆ ಅಂಡಿಗೆ ಹೊರುವ ಹಮಾಲರು. ಊರ ಮೇಲೆ ಬೋಳು ಬಂಡೆಯ ಗುಡ್ಡಗಳು, ಅವುಗಳ ಮೇಲೆ ಹಳೆಯ ಕೋಟೆ. ನಮ್ಮ ಹಾಗೆ ನೆರಳಿನಲ್ಲಿ ದುಡಿಯುವವರಿಗೆ ಅಲ್ಲಿಯ ಬಿಸಿಲು ಮೊದಲ ದಿನವೇ ತಲೆ ಸುತ್ತಿಸಿತು.

ಅಲ್ಲಿಯ ಜನ ನಮಗೆ ಪರಕೀಯರಲ್ಲ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ದಿನ ಜಿಲ್ಲೆ ಒಡೆದು ಬಳ್ಳಾರಿಯೂ ಹೆಚ್ಚಿನ ತಾಲೂಕುಗಳೂ ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿಯ ಗೆರೆ ಬಿತ್ತು, ಬಾಯಿಯ ಮಾತು ಮಾತ್ರ ಗೆರೆ ನೋಡಲಿಲ್ಲ. ಕೌತಾಳ, ಹೊಳಗುಂದ, ಕೋಸಿಗಿ, ಮಂತ್ರಾಲಯದ ಸುತ್ತಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಒಲೆಯ ಮುಂದೆ ಕನ್ನಡ, ಕಚೇರಿಯ ಮುಂದೆ ತೆಲುಗು. ಮಳೆ ಕಡಿಮೆಯ ಸೀಮೆ. ಮಳೆ ಕೈಕೊಟ್ಟರೆ ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತದೆ. ಕೆಲವರು ನಮ್ಮ ಕಾಫಿ ಗಿಡದ ಬುಡಕ್ಕೂ ಬಂದಿದ್ದಾರೆ.

ಮದುವೆಯ ಬೆಳಿಗ್ಗೆ ಆರು ಗಂಟೆಗೆ ಟೆಂಪೋ ಒಂದು ಬಂದು ನಿಂತಿತು. ಹದಿಮೂರು ಜನ ಇಳಿದರು. ಮೈಮೇಲೆ ಜರಿಯ ಪಟ್ಟಿಯ ಕೆಂಪು ಕೋಟು, ಕಾಲಲ್ಲಿ ಸವೆದ ಚಪ್ಪಲಿ. ಒಬ್ಬ ಹುಡುಗನ ಕೋಟಿನ ತೋಳು ಬೆರಳ ತುದಿಯವರೆಗೂ ಇಳಿದಿತ್ತು. ಅದು ಅವನ ಅಪ್ಪನ ಕೋಟು ಎಂದು ಆಮೇಲೆ ತಿಳಿಯಿತು. ನಾವು ಎಣಿಸಿ ನೋಡಿದೆವು: ಟ್ರಂಪೆಟ್ ಮೂರು, ಕ್ಲಾರಿನೆಟ್ ಎರಡು, ಸಾಕ್ಸೋಫೋನ್ ಒಂದು, ಯುಫೋನಿಯಂ ಎರಡು, ಮೈಗೆ ಸುತ್ತಿಕೊಳ್ಳುವ ದೊಡ್ಡ ಬಾಸು ಒಂದು, ಸೈಡ್ ಡ್ರಮ್ಮು ಎರಡು, ದೊಡ್ಡ ಡ್ರಮ್ಮು ಒಂದು, ತಾಳ ಒಂದು ಜೊತೆ. ಕ್ಲಾರಿನೆಟ್ ಹಿಡಿದ ಹಿರಿಯರೇ ಮಾಸ್ತರು.

ನಾವು ಚಿಕ್ಕಂದಿನಿಂದ ಬ್ಯಾಂಡಿನ ಸದ್ದು ಕೇಳಿದ್ದೇವೆ. ಆದರೆ ಆ ಸದ್ದು ಹೇಗೆ ಹೊರಡುತ್ತದೆ ಎಂದು ವಿಚಾರಿಸಿದ್ದು ಅದೇ ಮೊದಲು. ಟ್ರಂಪೆಟ್ ಎಂದರೆ ಸುಮಾರು ನಾಲ್ಕೂಮುಕ್ಕಾಲು ಅಡಿ ಉದ್ದದ ಹಿತ್ತಾಳೆಯ ಕೊಳವೆ. ಸುತ್ತಿ ಇಟ್ಟಿರುವುದರಿಂದ ಗಿಡ್ಡ ಕಾಣುತ್ತದೆ. ಬರಿಯ ಉಸಿರು ಊದಿದರೆ ಸದ್ದು ಬರುವುದಿಲ್ಲ. ತುಟಿ ಬಿಗಿದು, ಆ ತುಟಿಯನ್ನೇ ನಡುಗಿಸಬೇಕು. ಮೇಲೆ ಮೂರು ಗುಂಡಿಗಳಿವೆ. ಒತ್ತಿದರೆ ಉಸಿರು ಇನ್ನಷ್ಟು ಕೊಳವೆಯನ್ನು ಸುತ್ತಿ ಬರುತ್ತದೆ. ಹಾದಿ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಈ ಗುಂಡಿಯ ಉಪಾಯ ಜರ್ಮನಿಯಲ್ಲಿ 1818ರ ಸುಮಾರಿಗೆ ಹುಟ್ಟಿದ್ದು. ಅದಕ್ಕೂ ಮುಂಚೆ ಕಹಳೆಗೆ ಕೆಲವೇ ಸ್ವರಗಳು. ಇಡೀ ಹಾಡು ನುಡಿಸುವುದು ಸುಲಭವಿರಲಿಲ್ಲ. ಸಾಕ್ಸೋಫೋನ್ ಅಡಾಲ್ಫ್ ಸಾಕ್ಸ್ ಎಂಬವನು 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಮೈ ಹಿತ್ತಾಳೆಯದಾದರೂ ಕ್ಲಾರಿನೆಟ್ಟಿನಂತೆ ಅದರ ಬಾಯಲ್ಲಿ ಒಂದು ತೆಳ್ಳನೆಯ ಸೀಳು ಇರುತ್ತದೆ. ಅದು ನಡುಗಿದರೆ ನಾದ.

ಇನ್ನು ಮೈಯ ಕಷ್ಟ ಕೇಳಿ. ಬಾಸು ಹೊರುವವನ ಹೆಗಲ ಮೇಲೆ ಹತ್ತು ಕಿಲೋಗೂ ಮಿಕ್ಕ ಹಿತ್ತಾಳೆ. ಅದನ್ನು ಹೊತ್ತು, ನಡೆಯುತ್ತಾ, ಊದುತ್ತಾ ಇರಬೇಕು. ಟ್ರಂಪೆಟ್ಟಿನವನ ಒಳತುಟಿ ಹಲ್ಲಿಗೆ ಒತ್ತಿ ಹುಣ್ಣಾಗುತ್ತದೆ. ಮುಂದಿನ ಹಲ್ಲು ಬಿದ್ದರೆ ಆಟ ಮುಗಿಯಿತು. ಅವರಲ್ಲಿ ಒಬ್ಬರು ನಗುತ್ತಲೇ ಹೇಳಿದರು: “ಬಾಯಾಗ ಹಲ್ಲು ಇರೋತನಕ ಅನ್ನ ರೀ. ಹಲ್ಲು ಬಿದ್ರೆ ತಾಳಕ್ಕೆ ಹಾಕ್ತಾರ.” ತಾಳ ಹಿಡಿದವರನ್ನು ತಿರುಗಿ ನೋಡಿದೆವು. ಬೊಚ್ಚು ಬಾಯಿಯ ಮುದುಕರು. ಒಂದು ಕಾಲದಲ್ಲಿ ಆ ಸೆಟ್ಟಿನ ಮೊದಲ ಟ್ರಂಪೆಟ್ ಅವರೇ ಆಗಿದ್ದರಂತೆ.

ಈ ವಾದ್ಯ ನಮ್ಮ ನಾಡಿಗೆ ಬಂದದ್ದು ದಂಡಿನ ಜೊತೆಗೆ. 1800ರಲ್ಲಿ ನಿಜಾಮರು ಬಳ್ಳಾರಿ, ಕಡಪೆಯ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಬಳ್ಳಾರಿಯಲ್ಲಿ ದೊಡ್ಡ ದಂಡು ನಿಂತಿತು. ಪಲ್ಟಣ ಇದ್ದಲ್ಲಿ ಬ್ಯಾಂಡು ಇರುವುದು ವಾಡಿಕೆ. ರಾಜರಿಗೂ ಅದರ ಆಸೆಯಾಯಿತು. ಮೈಸೂರಿನ ಅರಮನೆ ಬ್ಯಾಂಡು ಕಟ್ಟಿಕೊಂಡಿತು. ಆ ಪರಂಪರೆ ಇಂದು ಕರ್ನಾಟಕ ಪೊಲೀಸರ ಕರ್ನಾಟಿಕ್ ಬ್ಯಾಂಡು, ಇಂಗ್ಲಿಷ್ ಬ್ಯಾಂಡುಗಳಲ್ಲಿ ಉಳಿದು ದಸರೆಯಲ್ಲಿ ಕೇಳಿಸುತ್ತದೆ. ಪಲ್ಟಣದ ಬ್ಯಾಂಡ್‌ಮಾಸ್ತರರಾಗಿದ್ದ ನಾದಿರ್ ಅಲಿ ಎಂಬವರು 1885ರಲ್ಲಿ ಉತ್ತರದ ಮೀರತ್ ಪಟ್ಟಣದಲ್ಲಿ ತೆರೆದ ಮಳಿಗೆ ಮುಂದೆ ವಾದ್ಯ ತಯಾರಿಸುವ ಕಾರ್ಖಾನೆಯಾಯಿತು. ಆ ಊರಿನ ಜಲಿ ಕೋಠಿ ಎಂಬ ಬೀದಿ ಇಂದಿಗೂ ದೇಶದ ಬ್ಯಾಂಡುಗಳಿಗೆ ವಾದ್ಯ ಒದಗಿಸುತ್ತದೆ. ಹೀಗೆ ದೊರೆಗಳ ಮುಂದೆ ನುಡಿದ ಹಿತ್ತಾಳೆ ಕಾಲಕ್ರಮದಲ್ಲಿ ಬಡವರ ಮದುವೆಯ ಮುಂದೆ ಬಂತು. ಕೂಲಿಯವನ ಮಗನೂ ಒಂದು ದಿನ ರಾಜನ ಹಾಗೆ ಕಹಳೆಯ ಹಿಂದೆ ನಡೆದ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ ಸೀಮೆಯಲ್ಲಿ ಡಪ್ಪು, ಅಂದರೆ ನಮ್ಮ ಹಲಗೆ, ಮಾದಿಗರ ಕೇರಿಯದು. ನಾದಸ್ವರ, ಡೋಲು ನಾಯಿಬ್ರಾಹ್ಮಣರ ಮನೆಯದು. ಹಳೆಯ ವಾದ್ಯಗಳಿಗೆಲ್ಲ ಜಾತಿಯ ಮುದ್ರೆ ಒತ್ತಿದ್ದಾರೆ. ಹಿತ್ತಾಳೆಯ ವಾದ್ಯ ಹೊರಗಿನಿಂದ ಬಂದದ್ದು, ಯಾರ ಹುಟ್ಟುಸೊತ್ತೂ ಅಲ್ಲ. ಆ ಹದಿಮೂರು ಜನರಲ್ಲಿ ಹಲಗೆಯ ಮನೆಯಿಂದ ಬಂದವರಿದ್ದರು, ನಾದಸ್ವರದ ಮನೆಯವರಿದ್ದರು, ಇಬ್ಬರು ಮುಸಲ್ಮಾನರಿದ್ದರು, ನಮ್ಮ ಕ್ರೈಸ್ತ ಸಹೋದರರೂ ಇದ್ದರು. ಊದುವಾಗ ಒಂದೇ ತಾಳಕ್ಕೆ ಹೆಜ್ಜೆ. ಉರುಕುಂದ ಈರಣ್ಣನ ಜಾತ್ರೆಗೂ ಅವರೇ, ಉರುಸಿಗೂ ಅವರೇ, ಕ್ರಿಸ್‌ಮಸ್ ಮೆರವಣಿಗೆಗೂ ಅವರೇ. ನಮ್ಮ ಸಂಘಗಳಲ್ಲಿ ಈ ಒಗ್ಗಟ್ಟು ತರಲು ನಾವು ಎಷ್ಟು ವರ್ಷದಿಂದ ಹೆಣಗುತ್ತಿದ್ದೇವೆ ಎಂಬುದು ನಿಮಗೇ ಗೊತ್ತು.

ಈಗ ಮದುವೆಗೆ ಬರೋಣ. ಮೆರವಣಿಗೆ ಮುಗಿಯಿತು. ಊಟಕ್ಕೆ ಎಲೆ ಹಾಕಿದರು. ದೂರದಿಂದ ಬಂದ ಅತಿಥಿಗಳೆಂದು ನಮ್ಮನ್ನು ಮೊದಲ ಪಂಕ್ತಿಗೆ ಕರೆದರು. ನಾವು ಎದ್ದೆವು. ಅಷ್ಟರಲ್ಲಿ ಹುಡುಗಿಯ ತಂದೆ, ಇಲ್ಲಿ ನಮ್ಮ ಲೈನಿನಲ್ಲಿ ತಲೆ ಎತ್ತಿ ಮಾತಾಡದ ಮನುಷ್ಯ, ಬ್ಯಾಂಡಿನವರು ಕುಳಿತಿದ್ದ ಬೇವಿನ ಮರದ ಕಡೆ ಹೋಗಿ ಅವರನ್ನು ಕೈಹಿಡಿದು ಎಬ್ಬಿಸಿ ಕರೆತಂದರು. ಬಡಿಸುವವರಿಗೆ ಗಟ್ಟಿಯಾಗಿ ಹೇಳಿದರು: “ಮೊದ್ಲು ಊದೋರಿಗೆ ಇಡ್ರಪ್ಪಾ. ಹೊಟ್ಟಿ ಖಾಲಿ ಇದ್ರೆ ಉಸಿರೆಲ್ಲಿಂದ ಬರ್ತೈತಿ?” ಹದಿಮೂರು ಜನ ನಮ್ಮ ಪಂಕ್ತಿಯಲ್ಲೇ ಕುಳಿತರು. ಮಾಸ್ತರರು ನಮ್ಮ ಪಕ್ಕದಲ್ಲಿ.

ಊಟವಾದ ಮೇಲೆ ಅದೇ ಬೇವಿನ ಮರದ ಕೆಳಗೆ ಅವರೊಂದಿಗೆ ಕುಳಿತೆವು. ಸಂಘದ ಕೆಲಸ ಮಾಡಿದವರಿಗೆ ಒಂದು ಚಟ: ಯಾರನ್ನು ಕಂಡರೂ ಕೂಲಿಯ ಲೆಕ್ಕ ಕೇಳುವುದು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮಾಸ್ತರರು ಒಪ್ಪಂದ ಮಾಡಿಕೊಂಡು ಅಡ್ವಾನ್ಸು ಪಡೆಯುತ್ತಾರೆ. ವಾದ್ಯಗಳೂ ಕೋಟುಗಳೂ ಅವರವೇ. ಗಾಡಿಯ ಬಾಡಿಗೆ, ವಾದ್ಯದ ರಿಪೇರಿ ಕಳೆದು ಉಳಿದದ್ದರಲ್ಲಿ ಊದುವವರಿಗೆ ದಿನದ ಲೆಕ್ಕ. ಟ್ರಂಪೆಟ್, ಕ್ಲಾರಿನೆಟ್ಟಿಗೆ ಹೆಚ್ಚು, ತಾಳಕ್ಕೆ ಕಡಿಮೆ. ಲಗ್ನ ಇರುವ ತಿಂಗಳುಗಳಲ್ಲಿ ಮಾತ್ರ ಕೆಲಸ. ಆಷಾಢ ಬಂದರೆ ಬಾಯಿ ಬಂದು. ಧನುರ್ಮಾಸದಲ್ಲೂ ಹಾಗೆಯೇ. ಆಗ ಟ್ರಂಪೆಟ್ಟನ್ನು ಗೂಟಕ್ಕೆ ತೂಗುಹಾಕಿ ಯಾರ್ಡಿನಲ್ಲಿ ಹಮಾಲಿಗೆ ಹೋಗುತ್ತಾರೆ, ಜಿನ್ನಿನಲ್ಲಿ ಹತ್ತಿ ಹೊರುತ್ತಾರೆ, ಗುಂಟೂರಿಗೆ ಗುಳೆ ಹೋಗುತ್ತಾರೆ. ಮೆಣಸಿನಕಾಯಿಯ ಘಾಟು ಎದೆಗೆ ಹೊಕ್ಕರೆ ಉಸಿರೇ ಬಂಡವಾಳವಾದವನಿಗೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ಲೆಕ್ಕ ಬರೆದ ಸ್ವರದ ಪುಸ್ತಕ ಅವರಲ್ಲಿ ಯಾರ ಬಳಿಯೂ ಇರಲಿಲ್ಲ. ಕಿವಿಯಿಂದ ಕೇಳಿ, ಸರಿಗಮದಲ್ಲಿ ಬಾಯಿಪಾಠ ಮಾಡಿ, ಬೆರಳಿಗೆ ಇಳಿಸಿಕೊಳ್ಳುವುದು. ಹೊಸ ಸಿನಿಮಾ ಬಂದರೆ ವಾರದೊಳಗೆ ಹಾಡು ಬಾಯಿಗೆ ಬರಬೇಕು. ತೆಲುಗು, ಕನ್ನಡ, ಹಿಂದಿ ಮೂರರಲ್ಲೂ ಹಾಡು ಇರಬೇಕು. ಜೊತೆಗೆ ನಮ್ಮ ಕ್ರೈಸ್ತ ಕೀರ್ತನೆಗಳು. ಸಾವಿನ ಮನೆಗೆ ಬೇರೆಯದೇ ಸ್ವರ. ಬೆಳಿಗ್ಗೆ ಮದುವೆ, ಸಂಜೆ ಸಾವು ಎರಡಕ್ಕೂ ಅದೇ ಕೋಟು, ಅದೇ ತುಟಿ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬೀಗ ಹಾಕಿತಲ್ಲ, ಆ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ಲಗ್ನದ ಕಾಲ ಶುರುವಾಗುವ ಹೊತ್ತು ಅದು. ಆಮೇಲೆ ಮದುವೆಗೆ 50 ಜನ, ಸಾವಿಗೆ 20 ಜನ ಎಂದು ಸರ್ಕಾರ ಕಟ್ಟು ಮಾಡಿತು. ಐವತ್ತು ಜನರ ಮದುವೆಗೆ ಹದಿಮೂರು ಜನರ ಬ್ಯಾಂಡು ಯಾರು ಕರೆಯುತ್ತಾರೆ? 2021ರ ಬೇಸಿಗೆಯೂ ಎರಡನೆಯ ಅಲೆಯಲ್ಲಿ ಹೋಯಿತು. ನಮಗೆ ತೋಟದಲ್ಲಿ ಹೇಗೋ ಕೆಲಸ ಸಿಕ್ಕಿತು, ಲೈನಿನ ಸೂರು ಇತ್ತು. ಮಾಸ್ತರರು ಎರಡು ಯುಫೋನಿಯಂಗಳನ್ನು ಅಡವಿಟ್ಟರಂತೆ. ಒಂದನ್ನು ಬಿಡಿಸಿಕೊಂಡರು, ಇನ್ನೊಂದು ಹೋಯಿತು. ಅದರ ಜಾಗಕ್ಕೆ ಹಳೆಯದೊಂದನ್ನು ಬೆಸುಗೆ ಹಾಕಿಸಿ ತಂದಿದ್ದಾರೆ. ಅದರ ಮೇಲೆ ಈಗ ಡಿಜೆ ಬಂದಿದೆ. ಲಾರಿಯ ಮೇಲೆ ಪೆಟ್ಟಿಗೆ ಜೋಡಿಸಿದರೆ ಒಬ್ಬನೇ ಹುಡುಗ ಹದಿಮೂರು ಜನರ ಸದ್ದನ್ನು ನುಂಗುತ್ತಾನೆ.

ಇಷ್ಟೆಲ್ಲ ಕೇಳಿ ನಾವು ಎಂದಿನ ಹಾಗೆ ಭಾಷಣ ಶುರುಮಾಡಿದೆವು. ಸಂಘ ಕಟ್ಟಬೇಕು, ದರ ನಿಗದಿ ಮಾಡಬೇಕು, ಕೂಲಿ ಬಿಡಬಾರದು ಎಂದೆವು. ಮಾಸ್ತರರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು: “ಆತು ಅಣ್ಣಾ, ಎಲ್ಲಾ ಸರಿ ಐತಿ. ನಿಮ್ಮೂರ ಹಬ್ಬದಾಗ ಬ್ಯಾಂಡಿನೋರ್ಗೆ ಊಟ ಎಲ್ಲಿ ಹಾಕ್ತೀರಿ?”

ಸಹೋದರರೇ, ನಮ್ಮ ಬಾಯಿ ಕಟ್ಟಿಹೋಯಿತು.

ಏಕೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗಾಗಿ ಈ ವೇದಿಕೆಯಿಂದಲೇ ಹೇಳುತ್ತೇವೆ. ಆ ಮದುವೆಗೆ ಹೋಗುವ ಹಿಂದಿನ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಪೇಟೆಯ ಬ್ಯಾಂಡ್‌ಸೆಟ್ಟನ್ನು ಕರೆಸಿದ್ದೆವು. ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಎಂದು ಮಾತು. ಆರೂವರೆಗೆ ಮಳೆ ಹೊಡೆಯಿತು. ಮೆರವಣಿಗೆ ಅರ್ಧಕ್ಕೆ ಚದುರಿತು. ಬ್ಯಾಂಡಿನವರು ವಾದ್ಯಗಳಿಗೆ ಕೋಟು ಹೊದಿಸಿ, ತಾವು ನೆನೆದುಕೊಂಡು, ದೇವಾಲಯದ ಜಗಲಿಯ ಮೇಲೆ ಒಂಬತ್ತರವರೆಗೂ ಕಾದರು. ಊಟವನ್ನು ಎಲ್ಲರದೂ ಆದ ಮೇಲೆ ಹಿತ್ತಲಿನ ಸೌದೆ ಕೊಟ್ಟಿಗೆಯ ಬಳಿ ಹಾಕಿದೆವು. ಸಾರು ತಣ್ಣಗಾಗಿತ್ತು. ಹಣ ಕೊಡುವಾಗ ನಮ್ಮ ಸಮಿತಿ, ಅರ್ಧ ಹೊತ್ತು ಊದಿದ್ದೀರಿ, ಅರ್ಧ ಹಣ ತೆಗೆದುಕೊಳ್ಳಿ ಎಂದಿತು. ಆ ಅರ್ಧವನ್ನು ಎಣಿಸಿ ಕೊಟ್ಟ ಕೈ ನಮ್ಮದೇ.

ಮಳೆ ಬಂದ ದಿನ ರೈಟರು ಅರ್ಧ ಹಾಜರಿ ಹಾಕಿದರೆ ನಾವು ಏನು ಮಾಡುತ್ತೇವೆ? ಆಫೀಸಿನ ಮುಂದೆ ನಿಲ್ಲುತ್ತೇವೆ. ಕೆಲಸಕ್ಕೆ ಬಂದವನು ಬಂದ ಹಾಗೆಯೇ, ಮಳೆ ಅವನ ತಪ್ಪಲ್ಲ ಎನ್ನುತ್ತೇವೆ. ಈ ವಾದವನ್ನು ನಾವೇ ಎಷ್ಟು ಸಲ ಮಾಡಿದ್ದೇವೆ! ಅದೇ ಬಾಯಿ, ಅದೇ ಮಳೆ. ಆದರೆ ಆ ರಾತ್ರಿ ಮೇಜಿನ ಆಚೆ ಬದಿಯಲ್ಲಿ ನಾವಿದ್ದೆವು. ಆಚೆ ಬದಿಗೆ ಹೋದ ಕೂಡಲೆ ನಮ್ಮ ನಾಲಿಗೆ ದೊರೆಯ ನಾಲಿಗೆಯಾಯಿತು.

ಬೈಬಲಿನಲ್ಲಿ ಇಂಥದೇ ಒಂದು ಪ್ರಸಂಗ ಇದೆ. ನಾವು ಅದನ್ನು ವರ್ಷಗಟ್ಟಲೆ ಓದಿಸಿದ್ದರೂ ಗಮನಿಸಿರಲಿಲ್ಲ. ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಗೋಡೆ ಕಟ್ಟಿದ ನೆಹೆಮೀಯ ಸ್ವಲ್ಪ ಕಾಲ ಊರು ಬಿಟ್ಟು ಹೋಗಿ ಮರಳಿ ಬರುತ್ತಾನೆ. ದೇವಾಲಯ ಬಿಕೋ ಎನ್ನುತ್ತಿದೆ. ಗಾಯಕರೂ ಲೇವಿಯರೂ ಎಲ್ಲಿ ಎಂದು ವಿಚಾರಿಸಿದರೆ, ಅವರಿಗೆ ಸಲ್ಲಬೇಕಾದ ಪಾಲನ್ನು ಯಾರೂ ಕೊಟ್ಟಿಲ್ಲ, ಆದಕಾರಣ ಒಬ್ಬೊಬ್ಬರೂ ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದಾರೆ. ನೋಡಿ, ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಗುಳೆ! ನೆಹೆಮೀಯ ಭಕ್ತಿ ಕಡಿಮೆಯಾಯಿತೆಂದು ಗಾಯಕರನ್ನು ಗದರಿಸಲಿಲ್ಲ. ಅಧಿಕಾರಿಗಳನ್ನು ಗದರಿಸಿದ. ಪಾಲು ಕೊಡಿಸಿದ, ಗಾಯಕರನ್ನು ಮತ್ತೆ ಅವರ ಸ್ಥಾನದಲ್ಲಿ ನಿಲ್ಲಿಸಿದ. ಹಂಚುವುದಕ್ಕೆ ನಂಬಿಕಸ್ಥರನ್ನು ನೇಮಿಸಿದ. ಒಳ್ಳೆಯ ಸಂಘದ ಕಾರ್ಯದರ್ಶಿ ಮಾಡುವ ಕೆಲಸವನ್ನೇ ಮಾಡಿದ.

ಕಹಳೆಯೂ ಬೈಬಲಿನಲ್ಲಿ ಹಗುರ ವಸ್ತುವಲ್ಲ. ಅರಣ್ಯಕಾಂಡದ 10ನೆಯ ಅಧ್ಯಾಯದಲ್ಲಿ ಮೋಶೆಗೆ ಬೆಳ್ಳಿಯ ಎರಡು ಕಹಳೆಗಳನ್ನು ಮಾಡಿಸಲು ಅಪ್ಪಣೆಯಾಗುತ್ತದೆ. ಎರಡನ್ನೂ ಊದಿದರೆ ಜನರೆಲ್ಲ ಕೂಡಬೇಕು. ಒಂದನ್ನೇ ಊದಿದರೆ ಮುಖಂಡರು ಮಾತ್ರ. ಪಾಳೆಯ ಹೊರಡುವಾಗ ಒಂದು ಸ್ವರ, ಹಬ್ಬಕ್ಕೆ ಒಂದು ಸ್ವರ. ಊದುವ ಕೆಲಸ ಯಾಜಕರಾದ ಆರೋನನ ಮಕ್ಕಳದು. ಅಂದರೆ ದಾಸ್ಯದಿಂದ ಬಿಡುಗಡೆಯಾದ ಜನರ ಸಭೆ ಕರೆಯುವುದು ಕಹಳೆ. ಸಭೆ ಕರೆಯುವವನನ್ನೇ ಸೌದೆ ಕೊಟ್ಟಿಗೆಯಲ್ಲಿ ಕೂರಿಸಿದವರು ನಾವು.

ಹೊರದೇಶದ ಕಾರ್ಮಿಕರು ಕಹಳೆಯನ್ನು ಹೇಗೆ ಕಂಡರು ಎಂಬುದನ್ನೂ ಹೇಳುತ್ತೇವೆ. ಇಂಗ್ಲೆಂಡಿನಲ್ಲಿ ಗಿರಣಿಯವರೂ ಕಲ್ಲಿದ್ದಲ ಗಣಿಯವರೂ ತಾವೇ ಬ್ಯಾಂಡು ಕಟ್ಟಿಕೊಂಡರು. ಡರ್‌ಹ್ಯಾಮ್ ಎಂಬಲ್ಲಿ 1871ರಿಂದ ಗಣಿ ಕಾರ್ಮಿಕರ ಜಾತ್ರೆ ನಡೆದುಬಂದಿದೆ. ಒಂದೊಂದು ಗಣಿಯ ಸಂಘವೂ ತನ್ನ ಬಾವುಟದ ಮುಂದೆ ಬ್ಯಾಂಡು ಇಟ್ಟುಕೊಂಡು ನಡೆಯುತ್ತದೆ. ಗ್ರೈಮ್‌ಥಾರ್ಪ್ ಎಂಬ ಗಣಿಯ ಬ್ಯಾಂಡು 1917ರಲ್ಲಿ ಹುಟ್ಟಿತು. 1992ರ ಅಕ್ಟೋಬರಿನಲ್ಲಿ ಗಣಿ ಮುಚ್ಚುತ್ತೇವೆಂದು ಸರ್ಕಾರ ಸಾರಿತು. ಅದಾದ ಕೆಲವೇ ದಿನಗಳಲ್ಲಿ ಆ ಬ್ಯಾಂಡಿನವರು ಲಂಡನ್ನಿಗೆ ಹೋಗಿ ರಾಷ್ಟ್ರೀಯ ಸ್ಪರ್ಧೆ ಗೆದ್ದರು. 1993ರಲ್ಲಿ ಗಣಿ ಮುಚ್ಚಿತು. ಬ್ಯಾಂಡು ಮುಚ್ಚಲಿಲ್ಲ. ನಮ್ಮ ಕ್ರೈಸ್ತರಲ್ಲೂ ಸಾಲ್ವೇಷನ್ ಆರ್ಮಿಯ ಬ್ಯಾಂಡು 1878ರಲ್ಲಿ ಒಬ್ಬ ಕಟ್ಟಡದ ಕೆಲಸದವನೂ ಅವನ ಮೂವರು ಗಂಡುಮಕ್ಕಳೂ ಸೇರಿ ಶುರುಮಾಡಿದ್ದು. ಬೀದಿಯಲ್ಲಿ ಉಪದೇಶ ಮಾಡುವವರಿಗೆ ಪುಂಡರು ತೊಂದರೆ ಕೊಡುತ್ತಿದ್ದರು. ಈ ನಾಲ್ವರು ಕಾವಲಿಗೆಂದು ಬಂದವರು ವಾದ್ಯಗಳನ್ನೂ ತಂದರು.

ನಮ್ಮ ನಾಡಿನ ಸಾಕ್ಷಿ ಬೇಕೇ? ಕದ್ರಿ ಗೋಪಾಲನಾಥರನ್ನು ನೆನೆಯಿರಿ. ದಕ್ಷಿಣ ಕನ್ನಡದ ನಾದಸ್ವರದ ಮನೆಯ ಹುಡುಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸಾಕ್ಸೋಫೋನ್ ಕಂಡು ಮನಸೋತು, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿಯೇ ತೀರುತ್ತೇನೆಂದು ಹಠ ಹಿಡಿದು ಗೆದ್ದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು. ಬ್ಯಾಂಡಿನ ವಾದ್ಯ ಸಭೆಯ ವೇದಿಕೆ ಏರಿದಾಗ ನಾವು ಕೈಮುಗಿದೆವು. ಅದೇ ವಾದ್ಯ ಬೀದಿಯಲ್ಲಿ ನಡೆದಾಗ ಅದನ್ನು ಊದುವವನಿಗೆ ಒಂದು ಎಲೆ ಹಾಕಲು ಹಿಂದೆಮುಂದೆ ನೋಡುತ್ತೇವೆ. 1977ರ ‘ಸನಾದಿ ಅಪ್ಪಣ್ಣ’ ಚಿತ್ರ ನೋಡಿ ಅತ್ತವರು ನಮ್ಮ ಹಿರಿಯರಲ್ಲಿ ಬಹಳ ಮಂದಿ. ಪರದೆಯ ಮೇಲಿನ ವಾದ್ಯಗಾರನಿಗೆ ಕಣ್ಣೀರು, ಬಾಗಿಲಲ್ಲಿ ನಿಂತ ವಾದ್ಯಗಾರನಿಗೆ ಚೌಕಾಸಿ. ಇದು ನ್ಯಾಯವೇ?

ಹಾಗಾದರೆ ಮಾಡುವುದೇನು? ಆದೋನಿಯಿಂದ ಬಂದ ಮೇಲೆ ನಾವು ಬಳಗದಲ್ಲಿ ಮೂರು ಸಂಜೆ ಕುಳಿತು ಮಾತಾಡಿದೆವು. ಜಗಳವೂ ಆಯಿತು. ‘ನಮಗೇ ಇಲ್ಲ, ಅವರಿಗೆಲ್ಲಿಂದ ಕೊಡೋಣ?’ ಎಂದವರಿದ್ದರು. ಅದು ಸುಳ್ಳು ಮಾತಲ್ಲ. ಬಡವನು ಬಡವನಿಗೆ ಕೂಲಿ ಕೊಡುವಾಗ ಇಬ್ಬರ ಚೀಲವೂ ತೆಳ್ಳಗಿರುತ್ತದೆ. ಆದುದರಿಂದ ಹೆಚ್ಚು ಕೊಡೋಣ ಎಂದು ನಾವು ಹೇಳಲಿಲ್ಲ. ಒಪ್ಪಿದ್ದನ್ನು ಕೊಡೋಣ ಎಂದೆವು. ಹದಿಮೂರು ಜನ ಕರೆಸಲು ಶಕ್ತಿ ಇಲ್ಲದಿದ್ದರೆ ಏಳು ಜನ ಕರೆಸೋಣ, ಏಳಕ್ಕೂ ಪೂರ್ತಿ ಕೊಡೋಣ ಎಂದೆವು. ಕೊನೆಗೆ ಎಲ್ಲರೂ ಒಪ್ಪಿ ಬರೆದುಕೊಂಡ ಮಾತುಗಳು ಇವು:

ಒಂದು: ಒಪ್ಪಂದವನ್ನು ಚೀಟಿಯಲ್ಲಿ ಬರೆಯುವುದು. ಹಣ, ಹೊತ್ತು, ಜನ, ಗಾಡಿಯ ಬಾಡಿಗೆ ಯಾರದು ಎಂಬುದು ಅದರಲ್ಲಿರಬೇಕು.

ಎರಡು: ಬಂದವರಿಗೆ ಪೂರ್ತಿ ಕೂಲಿ. ಮಳೆಗೂ, ಮೆರವಣಿಗೆ ತಡವಾದುದಕ್ಕೂ ಕಡಿತವಿಲ್ಲ.

ಮೂರು: ಹಣ ಅದೇ ದಿನ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಕಟ್ಟಳೆ ಮಾಡಿದೆ. ಯಾರ್ಯಾರನ್ನೋ ಕೇಳುವ ಮೊದಲು ಆ ಕಟ್ಟಳೆ ನಮ್ಮ ಮೇಲೇ ಇದೆ.

ನಾಲ್ಕು: ಊಟ ಮೊದಲ ಪಂಕ್ತಿಯಲ್ಲಿ, ನಮ್ಮ ಜೊತೆಯಲ್ಲಿ.

ಐದು: ರಾತ್ರಿ ಹತ್ತರ ಮೇಲೆ ಊದಿಸುವಂತಿಲ್ಲ. ಸದ್ದಿನ ಬಗ್ಗೆ 2000ದಲ್ಲಿ ಬಂದ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿರ್ಬಂಧವಿದೆ. ಮದುವೆಯ ಮನೆಯವರು ‘ಇನ್ನೊಂದು ಹಾಡು’ ಎಂದು ಕುಣಿಯುತ್ತಾರೆ. ಪೊಲೀಸರು ಬಂದಾಗ ಸಿಕ್ಕಿಬೀಳುವುದು ಊದುವವನ ವಾದ್ಯ.

ಇದು ನಮ್ಮ ಪಾಲಿನ ಕೆಲಸ. ಅವರ ಪಾಲಿನ ಕೆಲಸಕ್ಕೂ ನಾವು ಜೊತೆ ಕೊಡಬಹುದು. 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆ ಮನೆ, ಔಷಧ, ಕೂಸಿನ ಮನೆ ಎಂದು ನಮ್ಮನ್ನು ಹೆಸರು ಹಿಡಿದು ಕರೆಯಿತು. ಹೆಸರು ಹಿಡಿದು ಕರೆದದ್ದರಿಂದಲೇ ನಾವು ಕೇಳುವ ಹಾಗಾಯಿತು. ಆಂಧ್ರದಲ್ಲಿ ಡಪ್ಪು ಕಲಾವಿದರ ಹೆಸರು ಸರ್ಕಾರದ ಪಿಂಚಣಿಯ ಪಟ್ಟಿಗೆ ಸೇರಿದೆ. 2024ರಲ್ಲಿ ಅದು ತಿಂಗಳಿಗೆ 4,000 ರೂಪಾಯಿಗೆ ಏರಿತು. ಹಲಗೆಯ ಹೆಸರು ಪಟ್ಟಿಗೆ ಸೇರುವುದಾದರೆ, ಹಲ್ಲು ಬಿದ್ದ ಮೇಲೆ ತಾಳ ಹಿಡಿದು ನಡೆಯುವ ಮುದುಕರ ಹೆಸರೂ ಸೇರಬೇಕೆಂದು ಕೇಳುವುದು ತಪ್ಪಲ್ಲ. ಕೇಳುವವರು ಒಟ್ಟಾಗಬೇಕು ಅಷ್ಟೆ. 2021ರ ಆಗಸ್ಟ್ 26ರಂದು ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಶುರುವಾಯಿತು. ಹದಿನಾರರಿಂದ ಐವತ್ತೊಂಬತ್ತರ ವಯಸ್ಸಿನವರು ಆಧಾರ್ ಕೊಟ್ಟು ಹೆಸರು ಬರೆಸಬಹುದು. ನಮ್ಮ ಪೇಟೆಯ ಬ್ಯಾಂಡಿನವರಲ್ಲಿ ಅದನ್ನು ಮಾಡಿಸಿದವರು ಇಬ್ಬರೇ ಇದ್ದರು. ನಮ್ಮ ಯುವಕರು ಒಂದು ಭಾನುವಾರ ಕುಳಿತು ಉಳಿದವರದನ್ನು ಮಾಡಿಸಿಕೊಟ್ಟರು.

ಇನ್ನು ಬಾಕಿಯ ವಿಷಯ. ಮಳೆಯ ರಾತ್ರಿ ನಾವು ಹಿಡಿದಿಟ್ಟ ಅರ್ಧ ಹಣವನ್ನು ಬಳಗದಲ್ಲಿ ಮನೆಗಿಷ್ಟು ಎಂದು ಎತ್ತಿದೆವು. ಪೇಟೆಗೆ ಹೋಗಿ ಆ ಮಾಸ್ತರರ ಮನೆ ಹುಡುಕಿದೆವು. ಅವರು ಮೊದಲು ಮುಂದಿನ ಹಬ್ಬದ ಅಡ್ವಾನ್ಸು ಎಂದುಕೊಂಡರು. ಹಳೆಯ ಬಾಕಿ ಎಂದು ಹೇಳಿ ಕ್ಷಮೆ ಕೇಳಿದೆವು. ಅವರು ನೋಟುಗಳನ್ನು ಎಣಿಸಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಪುಸ್ತಕ ತಂದು, ಅಂದು ಬಂದಿದ್ದ ಹನ್ನೆರಡು ಜನರ ಹೆಸರಿನ ಮುಂದೆ ಬರೆದಿದ್ದ ಬಾಕಿಯನ್ನು ತೋರಿಸಿದರು. ಅರ್ಧ ಹಣ ಸಿಕ್ಕಿದ ಆ ರಾತ್ರಿ ಅವರು ತಮ್ಮ ಜನರಿಗೆ ಸಾಲ ಮಾಡಿ ಮುಕ್ಕಾಲು ಕೂಲಿ ಕೊಟ್ಟಿದ್ದರು. ಉಳಿದ ಕಾಲು ಭಾಗ ಆ ಪುಸ್ತಕದಲ್ಲಿ ನಿಂತಿತ್ತು. ಹನ್ನೆರಡರಲ್ಲಿ ಒಬ್ಬರು ಆ ನಡುವೆ ತೀರಿಕೊಂಡಿದ್ದರು. “ಅವರ ಮನೆಯವರಿಗೆ ನಾನೇ ಮುಟ್ಟಿಸ್ತೀನಿ ಬಿಡಿ” ಎಂದು ಆ ಹೆಸರಿನ ಪಕ್ಕ ಒಂದು ಗೆರೆ ಎಳೆದರು. ತಡವಾಗಿ ಕೊಟ್ಟ ಕೂಲಿ ಎಂದರೆ ಏನೆಂದು ನಮಗೆ ಆ ಗೆರೆ ತೋರಿಸಿತು.

ಮುಂದಿನ ಹಬ್ಬಕ್ಕೆ ಅವರೇ ಬಂದರು. ಸಂಜೆ ಮೋಡ ಕವಿದಿತ್ತು. ಮಾಸ್ತರರು ಆಕಾಶ ನೋಡಿ ನಗುತ್ತಾ, “ಇವತ್ತೂ ಬಂದರೆ, ಉಪದೇಶಿಗಳೇ?” ಎಂದರು. “ಬಂದರೆ ಬರಲಿ, ಚೀಟಿಯಲ್ಲಿ ಬರೆದಿದೆ” ಎಂದೆವು. ಮಳೆ ಬರಲಿಲ್ಲ. ಬಂದಿದ್ದರೂ ಚಿಂತೆ ಇರಲಿಲ್ಲ. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಆದೋನಿಯ ಆ ತಂದೆ, ನಮ್ಮ ಲೈನಿನವರು, ಸಾರಿನ ಬಕೆಟ್ಟು ಹಿಡಿದು ಬಡಿಸಿದರು.

ಸಹೋದರರೇ, ಬರುವ ತಿಂಗಳುಗಳಲ್ಲಿ ನಿಮ್ಮ ಲೈನುಗಳಲ್ಲಿ ಮದುವೆಗಳಿವೆ, ನಾಮಕರಣಗಳಿವೆ, ಹಬ್ಬಗಳಿವೆ. ಡೋಲಿನವರು, ಅಡುಗೆಯವರು, ಶಾಮಿಯಾನ ಕಟ್ಟುವವರು, ಬ್ಯಾಂಡಿನವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಆ ಒಂದು ದಿನ ನೀವು ದೊರೆಗಳು. ನಿಮ್ಮ ದೊರೆ ಹೇಗಿರಬೇಕೆಂದು ನೀವು ವರ್ಷವೆಲ್ಲ ಕೇಳುತ್ತೀರೋ, ಆ ದಿನ ಹಾಗೆ ಇರಿ. ಅದಾದ ಮೇಲೆ ಆಫೀಸಿನ ಮುಂದೆ ನಿಂತು ನಮ್ಮ ಕೂಲಿ ಕೇಳೋಣ. ಆಗ ನಮ್ಮ ಕಹಳೆಯ ಸ್ವರ ಸ್ಪಷ್ಟವಾಗಿರುತ್ತದೆ.